ಓಬವ್ವನ ಕಿಂಡಿಯ ಮುಂದೆ ನಾವು

ದಾವಣಗೆರೆ ಕಡೆಯ ಜನ ಬರೀ 'ದುರ್ಗ' ಎಂದರೆ ಅದು ಚಿತ್ರದುರ್ಗವೇ. ನಾಡಿನಲ್ಲಿ ಎಷ್ಟೋ ದುರ್ಗಗಳಿದ್ದರೂ ನಮಗೆ ಬೇರೆ ವಿಶೇಷಣ ಬೇಕಾಗುವುದಿಲ್ಲ. ನಾವು ಹುಟ್ಟಿ ಬೆಳೆದ ಆವರಗೆರೆ ಆಗ ದಾವಣಗೆರೆಯ ಮಗ್ಗುಲಿನ ಹಳ್ಳಿ. ಈಗ ನಗರದೊಳಗೆ ಸೇರಿಹೋಗಿದೆ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ನಮ್ಮದು ಚಿತ್ರದುರ್ಗ ಜಿಲ್ಲೆ. ಶಾಲೆಯ ದಾಖಲಾತಿ, ಅಬ್ಬಾರ ರೇಷನ್ ಕಾರ್ಡು, ಊರಿಂದ ಬರುವ ಕಾಗದದ ಮೇಲಿನ ವಿಳಾಸ ಎಲ್ಲದರಲ್ಲೂ ಅದೇ ಹೆಸರು. ಹಾಗಾಗಿ ದುರ್ಗಕ್ಕೆ ಹೋಗುವುದೆಂದರೆ ಪ್ರವಾಸ ಹೋಗುವುದು ಎಂದು ನಮಗೆ ಅನಿಸಿದ್ದೇ ಇಲ್ಲ. ಅರವತ್ತು ಕಿಲೋಮೀಟರು, ಒಂದೂಕಾಲು ಗಂಟೆಯ ಬಸ್ ದಾರಿ, ಅಷ್ಟೆ.

ಆದರೆ ಕಳೆದ ಡಿಸೆಂಬರಿನ ಒಂದು ಭಾನುವಾರ ನಾವು ದುರ್ಗಕ್ಕೆ ಹೊರಟದ್ದು ಸುಮ್ಮನೆ ನೋಡಿಕೊಂಡು ಬರಲಿಕ್ಕೆ ಅಲ್ಲ. ಅದಕ್ಕೊಂದು ಕಾರಣವಿತ್ತು.

ನಮ್ಮ ಮಗಳಿಗೆ ಈಗ ಹದಿಮೂರು. ಮೂರನೆಯ ತರಗತಿಯಲ್ಲಿದ್ದಾಗ ರಾಜ್ಯೋತ್ಸವದ ದಿನ ಅವಳು ಒನಕೆ ಓಬವ್ವನ ವೇಷ ಹಾಕಿದ್ದಳು. ಅವಳ ದಾದಿ, ಅಂದರೆ ನಮ್ಮ ಅಮ್ಮಿ, ತಮ್ಮ ಹಳೆಯ ಕೆಂಪು ಸೀರೆಯನ್ನು ಮಡಚಿ ಕಚ್ಚೆ ಹಾಕಿ ಉಡಿಸಿದ್ದರು. ರಟ್ಟನ್ನು ಸುತ್ತಿ ಬಣ್ಣದ ಕಾಗದ ಅಂಟಿಸಿ ಒನಕೆ ಮಾಡಿಕೊಟ್ಟಿದ್ದು ನಾವೇ. ಬಹುಮಾನ ಬರಲಿಲ್ಲ, ಆದರೆ ಆ ರಟ್ಟಿನ ಒನಕೆ ಎರಡು ವರ್ಷ ಮನೆಯ ಮೂಲೆಯಲ್ಲಿ ನಿಂತಿತ್ತು. ಯಾರಾದರೂ ಅದನ್ನು ಮುಟ್ಟಿದರೆ ಜಗಳ.

ಅದೇ ಹುಡುಗಿ ಕಳೆದ ವರ್ಷ ಶಾಲೆಯವರ ಜೊತೆ ಕೋಟೆ ನೋಡಲು ಹೋಗಿ ಬಂದವಳು ಒಂದು ವಾರ ಆ ಬಗ್ಗೆ ಮಾತೇ ಆಡಲಿಲ್ಲ. ಕೊನೆಗೆ ಅಮ್ಮಿಯ ಮಗ್ಗುಲಲ್ಲಿ ಮಲಗಿದ್ದಾಗ ಒಂದು ರಾತ್ರಿ ಹೇಳಿದಳಂತೆ. ಓಬವ್ವನ ಕಿಂಡಿಯ ಹತ್ತಿರ ನಿಂತಿದ್ದಾಗ ಹಿಂದಿನಿಂದ ಒಬ್ಬ ಹುಡುಗ 'ಇಲ್ಲೇ ನೋಡು ನಿಮ್ಮೋರ್ನ ಹೊಡೆದಿದ್ದು' ಎಂದನಂತೆ. ಮತ್ತಿಬ್ಬರು ನಕ್ಕರಂತೆ. ಅಷ್ಟೇ ನಡೆದದ್ದು. ಯಾರೂ ಕೈ ಮಾಡಲಿಲ್ಲ, ಬೈಯಲಿಲ್ಲ. ಆ ಹುಡುಗ ಈಗಲೂ ಅವಳ ಜೊತೆಯಲ್ಲೇ ಓದುತ್ತಿದ್ದಾನೆ, ಲೆಕ್ಕದ ನೋಟ್ಸು ಕೇಳಿಕೊಂಡು ಮನೆಗೂ ಬಂದಿದ್ದಾನೆ. ಒಳ್ಳೆಯ ಹುಡುಗನೇ. ಆದರೆ ನಮ್ಮ ಮಗಳು ಓಬವ್ವನ ಮಾತು ಬಿಟ್ಟಳು. ಟಿವಿಯಲ್ಲಿ 'ನಾಗರಹಾವು' ಬಂದರೆ ಎದ್ದು ಒಳಗೆ ಹೋಗತೊಡಗಿದಳು.

ಅವಳ ಕೈಯಿಂದ ಯಾರೋ ಆ ರಟ್ಟಿನ ಒನಕೆಯನ್ನು ಕಿತ್ತುಕೊಂಡಂತೆ ನಮಗೆ ಅನಿಸಿತು. ಕಥೆ ಬರೆಯುವ ಕಸುಬಿನವರಾದ ನಮಗೆ ಅದನ್ನು ಹಿಂದಕ್ಕೆ ಕೊಡಿಸುವುದು ಹೇಗೆಂದು ತಿಳಿಯಲಿಲ್ಲ. ಉಪಾಯ ಹೇಳಿದ್ದು ಅಮ್ಮಿ. 'ಮತ್ತೊಂದು ಸಲ ಕರಕೊಂಡು ಹೋಗೋಣ. ನಾನೂ ಬರ್ತೀನಿ' ಎಂದರು. ಅವರಿಗೆ ಅರವತ್ತೇಳು ವರ್ಷ, ಮೊಣಕಾಲು ನೋವು ಬೇರೆ. ಬೇಡವೆಂದರೂ ಕೇಳಲಿಲ್ಲ.

ಮಗಳ ಕಷ್ಟ ನಮಗೆ ಹೊಸದಾಗಿರಲಿಲ್ಲ. ನಾವು ಏಳನೆಯ ತರಗತಿಯವರೆಗೆ ಓದಿದ್ದು ಉರ್ದು ಶಾಲೆಯಲ್ಲಿ. ಅಲ್ಲಿ ನಮ್ಮ ಉಸ್ತಾದರು ಹೈದರಾಲಿಯ ಪಾಠ ಮಾಡುವಾಗ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ಓದು ಬರಹ ಬಾರದ ಒಬ್ಬ ಸಿಪಾಯಿ ಬರೀ ತನ್ನ ಬುದ್ಧಿ, ನೆನಪಿನ ಶಕ್ತಿ ಮತ್ತು ಕತ್ತಿಯ ಬಲದಿಂದ ರಾಜ್ಯ ಕಟ್ಟಿ ಇಂಗ್ಲಿಷರನ್ನು ನಡುಗಿಸಿದ ಎಂದು ಅವರು ಹೇಳುವಾಗ ಹರಕು ಚಾಪೆಯ ಮೇಲೆ ಕುಳಿತ ನಮ್ಮ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಎಂಟನೆಯ ತರಗತಿಗೆ ಕನ್ನಡ ಹೈಸ್ಕೂಲು ಸೇರಿದೆವು. ಅಲ್ಲಿನ ಕನ್ನಡ ಮೇಷ್ಟ್ರು ಮದಕರಿ ನಾಯಕನ ವಿಷಯ ಬಂದರೆ ಪಾಠದ ಪುಸ್ತಕ ಮುಚ್ಚಿಡುತ್ತಿದ್ದರು. ಏಳು ಸುತ್ತಿನ ಕೋಟೆ, ತಿಂಗಳುಗಟ್ಟಲೆ ಮುತ್ತಿಗೆ, ಮೋಸ, ಸೆರೆ, ಶ್ರೀರಂಗಪಟ್ಟಣದಲ್ಲಿ ಸಾವು. ಕೊನೆಗೆ ಅವರ ಗಂಟಲು ಕಟ್ಟುತ್ತಿತ್ತು, ನಮ್ಮದೂ ಕಟ್ಟುತ್ತಿತ್ತು. ತ.ರಾ.ಸು. ಅವರ 'ದುರ್ಗಾಸ್ತಮಾನ'ವನ್ನು ಲೈಬ್ರರಿಯಿಂದ ತಂದುಕೊಟ್ಟವರೂ ಅವರೇ.

ಹೀಗೆ ಒಂದು ಶಾಲೆಯಲ್ಲಿ ಗೆದ್ದವನಿಗಾಗಿ ಹಿಗ್ಗಿದೆವು, ಇನ್ನೊಂದು ಶಾಲೆಯಲ್ಲಿ ಸೋತವನಿಗಾಗಿ ಅತ್ತೆವು. ಎರಡೂ ಒಂದೇ ಯುದ್ಧ ಎಂಬುದು ನಮಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ. ತೊಂಬತ್ತರ ದಶಕದ ಮೊದಲ ವರ್ಷಗಳು ನಮ್ಮ ಊರಿಗೆ ಒಳ್ಳೆಯವಾಗಿರಲಿಲ್ಲ. 'ನೀವು ಯಾರ ಕಡೆ?' ಎಂಬ ಪ್ರಶ್ನೆ ಆಟದ ಬಯಲಿನಲ್ಲೂ ಕೇಳಿಬರುತ್ತಿತ್ತು. ಆಗ ನಾವು ನಮ್ಮೊಳಗಿನ ಇಬ್ಬರು ಮೇಷ್ಟ್ರುಗಳನ್ನೂ ಸುಮ್ಮನಾಗಿಸಿ ತಲೆ ತಗ್ಗಿಸಿ ಮನೆಗೆ ಬಂದುಬಿಡುತ್ತಿದ್ದೆವು. ಮಗಳು ಕೂಡ ಅದನ್ನೇ ಮಾಡಿದ್ದಳು.

ಬೆಳಿಗ್ಗೆ ಏಳು ಗಂಟೆಗೆ ನಾಲ್ವರೂ ಬಸ್ ಹತ್ತಿದೆವು. ಚಪಾತಿ, ಮೊಟ್ಟೆ ಪಲ್ಯ, ಒಗ್ಗರಣೆ ಹಾಕಿದ ಮಂಡಕ್ಕಿಯ ಗಂಟು ಅಮ್ಮಿಯ ತೊಡೆಯ ಮೇಲಿತ್ತು. ಆನಗೋಡು ದಾಟಿ ಭರಮಸಾಗರ ಬಂತು. ಕಿಟಕಿಯಿಂದ ಕೆರೆ ತೋರಿಸಿ, ಇದು ದುರ್ಗದ ಬಿಚ್ಚುಗತ್ತಿ ಭರಮಪ್ಪ ನಾಯಕನ ಹೆಸರಿನ ಊರು ಎಂದು ಮಗಳಿಗೆ ಹೇಳಿದೆವು. ಅವಳು ಮೊಬೈಲಿನಿಂದ ತಲೆ ಎತ್ತಲಿಲ್ಲ. ರೈಲಿನಲ್ಲಿ ಹೋಗಿದ್ದರೆ ಮಾಯಕೊಂಡದ ಮೇಲೆ ಹೋಗುತ್ತಿದ್ದೆವು. ಆ ಸ್ಟೇಷನ್ನಿನಲ್ಲಿ ಅವಳಿಗೆ ಒಂದು ಮಾತು ಹೇಳಬೇಕೆಂದು ನಮ್ಮ ಮನಸ್ಸಿನಲ್ಲಿತ್ತು. ಅದನ್ನು ಮೇಲೆ, ಕೋಟೆಯಲ್ಲಿ ಹೇಳಿದರಾಯಿತು ಎಂದುಕೊಂಡೆವು.

ದುರ್ಗ ಹತ್ತಿರವಾದಂತೆ ನೆಲದ ಬಣ್ಣ ಬದಲಾಗುತ್ತದೆ. ನಮ್ಮ ಕಡೆಯ ಭದ್ರಾ ಕಾಲುವೆಯ ಹಸಿರು ಮುಗಿದು ಮೆಕ್ಕೆಜೋಳ ಕಟಾವಾದ ಒಣ ಹೊಲಗಳು, ಜಾಲಿ, ಕರಿಗುಡ್ಡಗಳು. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿರುತ್ತವೆ. ಆಮೇಲೆ ಒಮ್ಮೆಲೇ ಆ ಬಂಡೆಗಳು. ಯಾರೋ ಕೈಯಾರೆ ಒಂದರ ಮೇಲೊಂದು ಪೇರಿಸಿಟ್ಟಂತೆ, ಈಗ ಬಿದ್ದಾವು ಆಗ ಬಿದ್ದಾವು ಎನ್ನುವಂತೆ ನಿಂತಿರುತ್ತವೆ. ಬಸ್ ಸ್ಟ್ಯಾಂಡಿನಲ್ಲಿಳಿದು ಆಟೋ ಹಿಡಿದು ಕೋಟೆಯ ಬಾಗಿಲಿಗೆ ಬಂದೆವು.

ಅಲ್ಲಿ ಇನ್ನೆರಡು ಕುಟುಂಬದವರು ಗೈಡ್ ಗೊತ್ತುಮಾಡುತ್ತಿದ್ದರು. ಒಂದು ಕುಟುಂಬ ಬಳ್ಳಾರಿಯದು, ಇನ್ನೊಂದು ತುಮಕೂರಿನದು. ಹಣ ಹಂಚಿಕೊಳ್ಳೋಣ ಎಂದು ನಮ್ಮನ್ನೂ ಸೇರಿಸಿಕೊಂಡರು. ಬುರ್ಖಾ ಹಾಕಿದ್ದ ಅಮ್ಮಿಯೂ ನಮ್ಮ ಮನೆಯವರೂ ನಿಧಾನ ಹತ್ತಿ ಬರುವುದಾಗಿ ಹೇಳಿ ಹಿಂದೆ ಉಳಿದರು. ನಾವೂ ಮಗಳೂ ಗೈಡಿನ ಹಿಂದೆ ಹೊರಟೆವು. ಪ್ಯಾಂಟು ಸ್ವೆಟರು ಹಾಕಿದ್ದ ನಮ್ಮಿಬ್ಬರನ್ನು ನೋಡಿದರೆ ಯಾರೂ ಏನನ್ನೂ ಊಹಿಸುವಂತಿರಲಿಲ್ಲ. ಇದನ್ನು ಏಕೆ ಹೇಳುತ್ತಿದ್ದೇವೆಂದು ಮುಂದೆ ಓದುಗರಿಗೆ ತಿಳಿಯುತ್ತದೆ.

ಗೈಡ್ ಐವತ್ತರ ಆಸುಪಾಸಿನ ಮನುಷ್ಯ, ಮಾತುಗಾರ. ಕೋಟೆಯ ದಾರಿ ಎಲ್ಲಿಯೂ ನೇರವಾಗಿಲ್ಲ, ಬಾಗಿಲಿನಿಂದ ಬಾಗಿಲಿಗೆ ಹಾವಿನಂತೆ ಹೊರಳುತ್ತದೆ. ಆನೆ ಓಡಿ ಬಂದು ಬಾಗಿಲಿಗೆ ಗುದ್ದಲು ಜಾಗ ಸಿಗಬಾರದು, ಅದಕ್ಕೇ ಹೀಗೆ ಎಂದು ತೋರಿಸಿದ. ಗಾರೆಯಿಲ್ಲದೆ ಕೂರಿಸಿದ ಕಲ್ಲುಗಳ ಸಂದಿಗೆ ಮಗಳು ಉಗುರು ತೂರಿಸಲು ನೋಡಿದಳು, ಹೋಗಲಿಲ್ಲ. ಮದ್ದು ಅರೆಯುವ ಗುಂಡಿಯಲ್ಲಿ ನಾಲ್ಕು ದೊಡ್ಡ ಬೀಸುಕಲ್ಲುಗಳಿವೆ. ಎತ್ತುಗಳನ್ನು ಕಟ್ಟಿ ತಿರುಗಿಸಿ ಕೋವಿಮದ್ದು ಅರೆಯುತ್ತಿದ್ದರಂತೆ.

ಆದರೆ ಕೋಟೆಯಲ್ಲಿ ನಮಗೆ ಯಾವಾಗಲೂ ಹೆಚ್ಚು ಬೆರಗು ಹುಟ್ಟಿಸುವುದು ಅಲ್ಲಿನ ನೀರು. ಬರಕ್ಕೆ ಹೆಸರಾದ ಜಿಲ್ಲೆಯ ಬೋಳು ಬಂಡೆಯ ಮೇಲೆ ಬಿದ್ದ ಮಳೆ ಒಂದು ಹನಿಯೂ ಹಾಳಾಗದಂತೆ ಪಾಳೆಯಗಾರರು ಹೊಂಡಗಳನ್ನು ಒಂದಕ್ಕೊಂದು ಜೋಡಿಸಿದ್ದಾರೆ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಅರಮನೆಯ ಮಣ್ಣಿನ ಗೋಡೆಗಳು ಕರಗಿ ಮೊಂಡಾಗಿ ನಿಂತಿವೆ, ಹೊಂಡಗಳಲ್ಲಿ ಮಾತ್ರ ಇನ್ನೂ ನೀರು ನಿಲ್ಲುತ್ತದೆ.

ದಾರಿಯುದ್ದಕ್ಕೂ ಗೈಡ್ ಹೈದರಾಲಿಯ ಹೆಸರು ಹೇಳುತ್ತಲೇ ಇದ್ದ. ಹೈದರಾಲಿ ಈ ಕಡೆಯಿಂದ ಬಂದ, ಹೈದರಾಲಿ ಪಾಳೆಯ ಅಲ್ಲಿತ್ತು, ಹೈದರಾಲಿಗೆ ಈ ಬಾಗಿಲು ಒಡೆಯಲಾಗಲಿಲ್ಲ. ಬಳ್ಳಾರಿಯ ಹುಡುಗರು ಕೇಕೆ ಹಾಕುತ್ತಿದ್ದರು. ಮಗಳು ನಮ್ಮ ಕೈ ಹಿಡಿದುಕೊಂಡೇ ನಡೆದಳು.

ಏಕನಾಥೇಶ್ವರಿ ಗುಡಿಯ ಹತ್ತಿರ ಕೋತಿಯೊಂದು ತುಮಕೂರಿನವರ ಬಾಳೆಹಣ್ಣಿನ ಚೀಲ ಎಳೆದುಕೊಂಡು ಓಡಿತು. ಆ ಗಲಾಟೆಯಲ್ಲಿ ಹತ್ತು ನಿಮಿಷ ಕಳೆಯಿತು. ನಾವೆಲ್ಲ ಓಬವ್ವನ ಕಿಂಡಿಗೆ ಇಳಿಯುವ ಹೊತ್ತಿಗೆ ಹಿಂದೆ ಉಳಿದಿದ್ದ ಅಮ್ಮಿ, ನಮ್ಮ ಮನೆಯವರ ಭುಜ ಹಿಡಿದುಕೊಂಡು, ಏದುಸಿರು ಬಿಡುತ್ತಾ ಬಂದು ಸೇರಿಕೊಂಡರು.

ಕಿಂಡಿ ನೋಡದವರಿಗಾಗಿ ಒಂದು ಮಾತು. ಎರಡು ಬಂಡೆಗಳ ನಡುವೆ ಒಬ್ಬ ಮನುಷ್ಯ ತೆವಳಿಕೊಂಡು ಬರಬಹುದಾದಷ್ಟೇ ಸಂದು ಅದು. ಹತ್ತಿರದಲ್ಲೇ ತಣ್ಣೀರುದೋಣಿ ಎಂಬ ನೀರಿನ ಸೆಲೆ. ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲಿ ಅವನ ಹೆಂಡತಿ ನೀರು ತರಲು ಬಂದು ಶತ್ರುಗಳು ನುಸುಳುವುದನ್ನು ಕಂಡಳು, ಒನಕೆ ಹಿಡಿದು ನಿಂತಳು, ತೂರಿಬಂದ ತಲೆಗಳನ್ನೆಲ್ಲ ಹೊಡೆದಳು ಎಂಬ ಕಥೆ ಕನ್ನಡಿಗರಿಗೆಲ್ಲ ಗೊತ್ತಿರುವುದೇ. 1972ರಲ್ಲಿ ಬಂದ ಪುಟ್ಟಣ್ಣ ಕಣಗಾಲರ 'ನಾಗರಹಾವು' ಅದನ್ನು ಮನೆಮನೆಗೆ ಮುಟ್ಟಿಸಿತು. ಜಯಂತಿಯವರ ಮುಖವೇ ಓಬವ್ವನ ಮುಖ ಎಂದು ಒಂದು ತಲೆಮಾರು ನಂಬಿತ್ತು. ಅಮ್ಮಿಯೂ ಆ ತಲೆಮಾರಿನವರೇ. ಮದುವೆಗೆ ಮುಂಚೆ ಅಕ್ಕಪಕ್ಕದ ಹೆಂಗಸರ ಜೊತೆ ಆ ಸಿನಿಮಾ ನೋಡಿ ಸೆರಗು ಒದ್ದೆ ಮಾಡಿಕೊಂಡು ಬಂದಿದ್ದನ್ನು ಈಗಲೂ ಹೇಳುತ್ತಾರೆ.

ಗೈಡ್ ಕಥೆ ಶುರುಮಾಡಿದ. 'ಆಗ ಈ ಕಿಂಡಿ ಗೊತ್ತುಮಾಡ್ಕೊಂಡು ಹೈದರಾ...' ಎಂದವನ ಕಣ್ಣು ಅಮ್ಮಿಯ ಕಪ್ಪು ಬುರ್ಖಾದ ಮೇಲೆ ಬಿತ್ತು. ನಂತರ ನಮ್ಮ ಮನೆಯವರ ಮೇಲೆ, ಅವರ ಕೈಗೆ ಜೋತುಬಿದ್ದ ನಮ್ಮ ಮಗಳ ಮೇಲೆ, ಕೊನೆಗೆ ನಮ್ಮ ಮೇಲೆ. ಒಂದು ಗಳಿಗೆ ಗಂಟಲು ಸರಿಮಾಡಿಕೊಂಡ. 'ಶತ್ರು ಸೈನಿಕರು ಒಬ್ಬೊಬ್ರಾಗಿ ಒಳಗೆ ಬರೋಕೆ ಶುರುಮಾಡಿದ್ರು' ಎಂದು ಮುಂದುವರಿಸಿದ. ಮತ್ತೆ ಹೈದರಾಲಿಯ ಹೆಸರು ಬರಲಿಲ್ಲ. ಶತ್ರು, ಶತ್ರು ಸೈನ್ಯ, ಆ ಕಡೆಯವರು. ಅದುವರೆಗೆ ಕಂಚಿನಂತಿದ್ದ ದನಿಯೂ ಇಳಿದುಹೋಗಿತ್ತು.

ಅವನು ಮಾಡಿದ್ದು ಮರ್ಯಾದೆಯ ಕೆಲಸ. ಅದರಲ್ಲಿ ನಮಗೆ ಅನುಮಾನವಿಲ್ಲ. ಮುದುಕಿಯೊಬ್ಬರ ಮನಸ್ಸು ನೋಯಬಾರದೆಂದು ತನ್ನ ಕಥೆಯ ರಸವನ್ನೇ ಬಿಟ್ಟುಕೊಟ್ಟಿದ್ದ. ಆದರೆ ಮಗಳು ನಮ್ಮ ತೋಳು ಜಗ್ಗಿ ದಖನಿಯಲ್ಲಿ ಪಿಸುಗುಟ್ಟಿದಳು, 'ಅಬ್ಬಾ, ಇಷ್ಟೊತ್ತು ಹೈದರಾಲಿ ಅಂತಿದ್ರು. ದಾದೀನ ನೋಡಿ ಬದಲಾಯಿಸಿದ್ರು.' ಅವಳ ಕಣ್ಣು ತುಂಬಿತ್ತು. ಅಂದು ಆ ಹುಡುಗ ಚುಚ್ಚಿ ಆಡಿದ್ದನ್ನೇ ಇವತ್ತು ಈ ಮನುಷ್ಯ ಪ್ರೀತಿಯಿಂದ ಮುಚ್ಚಿಟ್ಟಿದ್ದ. ಎರಡರಲ್ಲೂ ಕಥೆಯಾಚೆ ಉಳಿದವಳು ಅವಳೇ.

ಅಮ್ಮಿಗೂ ಅದು ಗೊತ್ತಾಗಿತ್ತು. ಮುಖದ ಪರದೆ ಮೇಲೆತ್ತಿ, ಬಂಡೆಗೆ ಒರಗಿ ಕುಳಿತು ತಮ್ಮ ದಾವಣಗೆರೆ ಕನ್ನಡದಲ್ಲಿ ಕೇಳಿದರು. 'ಯಾರ ಸೈನಿಕರು ಅಂತ ಹೇಳಪ್ಪಾ ತಮ್ಮಾ. ಹೈದರಾಲಿ ಸೈನಿಕರಲ್ಲೇನು? ನಾ ಸಿನಿಮಾದಾಗ ನೋಡೀನಿ.'

ಗೈಡ್ ತಬ್ಬಿಬ್ಬಾದ. 'ಹೌದ್ರಮ್ಮಾ... ನಿಮಗೆ ಬೇಜಾರಾಗಬಾರದು ಅಂತ...'

'ಬೇಜಾರ್ಯಾಕಪ್ಪಾ? ನೀ ಆವಾಗಿಂದ ಹೆಂಗ ಹೇಳ್ತಿದ್ದಿ ಹಂಗೇ ಹೇಳು. ನನ್ ಮೊಮ್ಮಗಳು ಕೇಳಬೇಕು. ಆಕಿನೂ ಓಬವ್ವ ಆಗಿದ್ದಾಕಿ, ಇಸ್ಕೂಲಾಗ.'

ತುಮಕೂರಿನ ಹೆಂಗಸೊಬ್ಬರು ನಕ್ಕು ಮಗಳ ಗಲ್ಲ ಮುಟ್ಟಿದರು. ಗೈಡಿನ ಮುಖ ಹಗುರಾಯಿತು. ಅವನು ಕಥೆಯನ್ನು ಮತ್ತೆ ಮೊದಲಿಂದ ಹೇಳಿದ, ಈ ಸಲ ಪೂರಾ ದನಿಯಲ್ಲಿ, ಕೈ ಬೀಸಿ, ಹೈದರಾಲಿಯ ಹೆಸರು ಹಿಡಿದು. ಓಬವ್ವ ಛಲವಾದಿ ಜನಾಂಗದ ಹೆಣ್ಣುಮಗಳು, ಅರಮನೆಯವಳಲ್ಲ, ದಿನಗೂಲಿಯಂಥ ಕಾವಲಿನವನ ಹೆಂಡತಿ ಎಂಬುದನ್ನು ಒತ್ತಿ ಹೇಳಿದ. 2021ರಿಂದ ಸರ್ಕಾರವೇ ನವೆಂಬರ್ 11ರಂದು ಆಕೆಯ ಜಯಂತಿ ಆಚರಿಸುತ್ತಿರುವುದನ್ನೂ ಹೇಳಿದ.

ಅವನು ಮುಗಿಸಿದ ಮೇಲೆ ಅಮ್ಮಿ ಎದ್ದು ಕಿಂಡಿಯ ಬಾಯಿಗೆ ಹೋಗಿ ಬಗ್ಗಿ ನೋಡಿದರು. ಕೈಯಲ್ಲಿ ಒನಕೆ ಹಿಡಿದವರಂತೆ ಎರಡು ಸಲ ಎತ್ತಿ ಇಳಿಸಿದರು. ನಮ್ಮ ಅಬ್ಬಾ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಅಮ್ಮಿ ಮನೆಮನೆಗೆ ಹೋಗಿ ಖಾರದಪುಡಿ ಕುಟ್ಟಿಕೊಟ್ಟು ನಮ್ಮನ್ನು ಓದಿಸಿದವರು. ಒನಕೆಯ ತೂಕ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. 'ಐದು ಸೇರು ಮೆಣಸಿನಕಾಯಿ ಕುಟ್ಟಿದರೆ ರಾತ್ರಿ ಅನ್ನ ಕಲಸೋಕೆ ಕೈ ಏಳ್ತಿರಲಿಲ್ಲ. ಈ ತಾಯಿ ಏನು ಕುಟ್ಟಿದಳೋ, ಎಷ್ಟು ಹೊತ್ತು ಕುಟ್ಟಿದಳೋ' ಎಂದರು. ಗೈಡ್ ತಲೆ ಅಲ್ಲಾಡಿಸಿದ. ಇಷ್ಟು ವರ್ಷ ಕಥೆ ಹೇಳಿದರೂ ರಟ್ಟೆ ನೋವಿನ ಮಾತನ್ನು ಯಾರೂ ಎತ್ತಿರಲಿಲ್ಲ ಎಂದ.

ಮಗಳು ಅಮ್ಮಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಕೇಳಿದಳು, 'ದಾದಿ, ಇಲ್ಲಿ ಸತ್ತವರು ನಮ್ಮವರಾ?'

ಅಮ್ಮಿ ಸ್ವಲ್ಪ ಹೊತ್ತು ಯೋಚಿಸಿದರು. 'ಯಾರೋ ಏನೋ ಬೇಟಾ. ಅವರೂ ಯಾವುದೋ ತಾಯಿಯ ಮಕ್ಕಳೇ. ದೊರೆ ಕಳಿಸಿದ, ಹೊಟ್ಟೆಪಾಡಿಗೆ ಬಂದರು, ತಲೆ ತೂರಿಸಿದರು. ಅಲ್ಲಾ ಅವರನ್ನು ಕ್ಷಮಿಸಲಿ. ಆದರೆ ಓಬವ್ವ ತನ್ನ ಮನೆ ಕಾಯ್ದಳು. ನಮ್ಮ ಮನೆಗೆ ಕಳ್ಳ ನುಗ್ಗಿದರೆ, ನೀನು ನಮಾಜಿಯೋ ಅಲ್ಲವೋ ಅಂತ ಕೇಳಿ ಆಮೇಲೆ ಹೊಡೀತೀಯೇನು?'

ಮಗಳಿಗೆ ನಗು ಬಂತು. ನಕ್ಕವಳು ಕಿಂಡಿಯೊಳಗೆ ತೂರಿ ಆ ಕಡೆ ಹೋಗಿ, ಮತ್ತೆ ಈ ಕಡೆ ತಲೆ ಹಾಕಿದಳು. ಅಮ್ಮಿ ಬರಿಗೈಯಲ್ಲೇ ಒನಕೆ ಎತ್ತಿ ಹೊಡೆದಂತೆ ಮಾಡಿದರು. ಬಳ್ಳಾರಿಯ ಹುಡುಗರಿಗೆ ಆಟ ಸಿಕ್ಕಿತು, ಅವರೂ ಸಾಲಾಗಿ ತೂರಿ ಬಂದು ಅಮ್ಮಿಯ ಕೈಯಲ್ಲಿ ಏಟು ತಿಂದರು.

ಗೈಡ್ ಬೀಳ್ಕೊಟ್ಟ ಮೇಲೆ ಗೋಪಾಲಸ್ವಾಮಿ ಹೊಂಡದ ದಂಡೆಯಲ್ಲಿ ಕುಳಿತೆವು. ಬಸ್ಸಿನಲ್ಲಿ ಹೇಳದೆ ಉಳಿಸಿಕೊಂಡಿದ್ದನ್ನು ಮಗಳಿಗೆ ಅಲ್ಲಿ ಹೇಳಿದೆವು. ಈ ಕೋಟೆಯ ಕಥೆಯನ್ನು ನಮಗೆ ಎರಡು ಶಾಲೆಗಳಲ್ಲಿ ಅರ್ಧರ್ಧ ಹೇಳಿದ್ದರು. ಅವಳಿಗಾದರೂ ಪೂರ್ತಿ ಸಿಗಲಿ ಎಂಬ ಆಸೆ.

1748ರಲ್ಲಿ ಮಾಯಕೊಂಡದಲ್ಲಿ ದೊಡ್ಡ ಯುದ್ಧವಾಯಿತು. ದುರ್ಗದ ಹಿರಿಯ ಮದಕರಿ ನಾಯಕನ ಮೇಲೆ ಬಿದನೂರು, ಹರಪನಹಳ್ಳಿ, ರಾಯದುರ್ಗ, ಸವಣೂರಿನವರು ಒಟ್ಟಾಗಿ ಬಂದರು. ಸವಣೂರಿನವನು ನವಾಬ. ದುರ್ಗದ ಪರವಾಗಿ ನಿಂತವನು ಆರ್ಕಾಟಿನ ಚಂದಾ ಸಾಹೇಬ. ನಾಯಕ ಆ ಯುದ್ಧದಲ್ಲಿ ಮಡಿದ, ಅವನಿಗೆ ನೆರವಾಗಲು ಬಂದ ಚಂದಾ ಸಾಹೇಬನ ಮಗನೂ ಅಲ್ಲೇ ಸತ್ತ. ಮುಸ್ಲಿಮರು ಎರಡೂ ಕಡೆ ಇದ್ದರು, ನಾಯಕರೂ ಎರಡೂ ಕಡೆ ಇದ್ದರು. ಕೊನೆಯ ಮದಕರಿ ನಾಯಕ ಕೂಡ ಮೊದಲು ಹೈದರಾಲಿಯ ಜೊತೆಗೂಡಿ ಅವನ ದಂಡಯಾತ್ರೆಗಳಿಗೆ ಸೈನ್ಯ ಕೊಟ್ಟವನೇ. ಮರಾಠರ ಮತ್ತು ಹೈದರಾಲಿಯ ಜಗಳದಲ್ಲಿ ಯಾರನ್ನು ನೆಚ್ಚಬೇಕೆಂಬ ಇಕ್ಕಟ್ಟು ಬಂದಾಗ ಇಬ್ಬರ ನಂಟು ಮುರಿಯಿತು. ಇದನ್ನು ನಮ್ಮ ಕನ್ನಡ ಮೇಷ್ಟ್ರು ಹೇಳಿರಲಿಲ್ಲ.

ಉಸ್ತಾದರು ಹೇಳದಿದ್ದದ್ದೂ ಇದೆ. 1779ರಲ್ಲಿ ಕೋಟೆ ಬಿದ್ದ ಮೇಲೆ ಹೈದರಾಲಿ ನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಜೊತೆಗೆ ಸುಮಾರು 20,000 ಬೇಡರನ್ನು ಇಲ್ಲಿಂದ ಎಬ್ಬಿಸಿ ಅಲ್ಲಿಗೆ ಸಾಗಿಸಿದ, ಅವರ ಹುಡುಗರನ್ನು ಮತಾಂತರಿಸಿ ಚೇಲಾ ಪಡೆ ಕಟ್ಟಿದ ಎಂದು ಬ್ರಿಟಿಷ್ ಅಧಿಕಾರಿಗಳಾದ ವಿಲ್ಕ್ಸ್, ರೈಸ್ ಬರೆದಿದ್ದಾರೆ. ಮದಕರಿಯ ಸೈನ್ಯದಲ್ಲಿ ಮುಸ್ಲಿಂ ಪಡೆಯೂ ಇತ್ತು, ಕೊನೆಗೆ ಹೈದರಾಲಿ ಅವರನ್ನು ಒಳಗೆ ಹಾಕಿಕೊಂಡಿದ್ದರಿಂದಲೇ ಕೋಟೆ ಬಿತ್ತು ಎಂಬುದೂ ಅವರ ಬರಹದಲ್ಲಿದೆ. ಹೈದರ್ ಟಿಪ್ಪುಗಳ ವಿಷಯದಲ್ಲಿ ಇಂಗ್ಲಿಷರ ಲೇಖನಿ ನಿಷ್ಪಕ್ಷಪಾತಿಯೇನಲ್ಲ. ಹಾಗೆಂದು ನಮಗೆ ಹಿತವಾದ ಸಾಲನ್ನು ಮಾತ್ರ ಅವರಿಂದ ಎತ್ತಿಕೊಂಡು ಚುಚ್ಚುವ ಸಾಲನ್ನು ಬಿಡುವುದು ನ್ಯಾಯವಲ್ಲ. ನೆಲ ಬಿಟ್ಟು ಸರಪಳಿಯಂತೆ ಸಾಲುಗಟ್ಟಿ ನಡೆದುಹೋದ ಆ ಬೇಡರ ಸಂಸಾರಗಳ ಬಗ್ಗೆ ಉಸ್ತಾದರ ಪಾಠದಲ್ಲಿ ಒಂದು ಮಾತೂ ಇರಲಿಲ್ಲ.

ಇನ್ನೊಂದು ಸಂಗತಿ ನಮ್ಮ ಊರಿನದು. ರೈಸ್ ಅವರ ಗೆಜೆಟಿಯರ್ ಪ್ರಕಾರ ದಾವಣಗೆರೆ ಆಗ ಬೇತೂರಿಗೆ ಸೇರಿದ್ದ ಸಣ್ಣ ಹಳ್ಳಿ. ಹೈದರಾಲಿ ಅದನ್ನು ಅಪ್ಪಾಜಿ ರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಆ ಸರದಾರ ವ್ಯಾಪಾರಿಗಳನ್ನು ಕರೆದು ನೆಲೆ ನಿಲ್ಲಿಸಿದ. ನಾವು ಇಂದು ಬೆಣ್ಣೆದೋಸೆ ತಿಂದು ಬೀಗುವ ಪೇಟೆ ಮೊಳೆತದ್ದು ಹೀಗೆ. ಹೈದರಾಲಿ ದುರ್ಗವನ್ನು ಬೀಳಿಸಿದವನೂ ಹೌದು, ದಾವಣಗೆರೆಯನ್ನು ಎಬ್ಬಿಸಲು ಕಾರಣನಾದವನೂ ಹೌದು.

'ಹಾಗಾದರೆ ನಾವು ಯಾರ ಕಡೆ ಅಬ್ಬಾ?' ಎಂದು ಮಗಳು ಕೇಳಿದಳು. ನಮ್ಮ ಬಾಲ್ಯದ ಪ್ರಶ್ನೆಯೇ ಅದು. ಯಾರ ಕಡೆಯೂ ನಿಲ್ಲಬೇಕಾಗಿಲ್ಲ, ಆ ರಾಜರು ಯಾರೂ ನಮಗೆ ಕಾಗದ ಬರೆದು ಕೇಳಿಲ್ಲ ಎಂದೆವು. ಆದರೆ ಆ ಉತ್ತರ ನಮಗೇ ಸಾಲಲಿಲ್ಲ. ಕಿಂಡಿಯ ಹತ್ತಿರ ಯಾರ ಕಡೆ ಎಂಬ ಪ್ರಶ್ನೆಗೆ ಅಮ್ಮಿ ತಡವರಿಸಿರಲಿಲ್ಲ. ಅವರು ಓಬವ್ವನ ಕಡೆ. ಖಾರ ಕುಟ್ಟಿದ ಕೈ ಒನಕೆ ಹಿಡಿದ ಕೈಯನ್ನು ಗುರುತು ಹಿಡಿದಿತ್ತು. ಅದನ್ನೇ ಮಗಳಿಗೆ ಹೇಳಿದೆವು. ಅವಳು ಏನೂ ಮಾತಾಡದೆ ಹೊಂಡಕ್ಕೆ ಒಂದು ಹರಳು ಎಸೆದಳು.

ಮಧ್ಯಾಹ್ನ ಚಂದ್ರವಳ್ಳಿಗೆ ಹೋದೆವು. ಕೋಟೆಯ ಗುಡ್ಡದ ಬೆನ್ನಿಗೇ ಇರುವ ಕಣಿವೆ ಅದು. ಕೆರೆ, ಸುತ್ತ ಬಂಡೆ, ಮರದ ನೆರಳು. ದುರ್ಗದ ಜನ ಬುತ್ತಿ ಕಟ್ಟಿಕೊಂಡು ಬಂದು ಕೂರುವ ಜಾಗ. ಚಪಾತಿ ಬಿಚ್ಚಿದೆವು. ಹತ್ತಿರ ಕುಳಿತ ಸಂಸಾರದವರು ಶೇಂಗಾ ಚಟ್ನಿ ಕೊಟ್ಟರು, ನಾವು ಮಂಡಕ್ಕಿ ಕೊಟ್ಟೆವು. ದಾವಣಗೆರೆ ಮಂಡಕ್ಕಿ ಎಂದರೆ ದುರ್ಗದವರೂ ಬೇಡವೆನ್ನುವುದಿಲ್ಲ.

ಅಲ್ಲಿನ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ, ನಾಲ್ಕನೆಯ ಶತಮಾನದ್ದು. ಕೆರೆಯ ಕೆಲಸ ಮಾಡಿಸಿದ್ದನ್ನು ಅದರಲ್ಲಿ ಬರೆಸಿದ್ದಾನೆ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಇಲ್ಲಿ ಉತ್ಖನನ ನಡೆಸಿದರು. ಶಾತವಾಹನರ ಕಾಲದ ನಾಣ್ಯಗಳ ಜೊತೆಗೆ ರೋಮ್ ದೇಶದ ಬೆಳ್ಳಿ ನಾಣ್ಯಗಳೂ ಚಂದ್ರವಳ್ಳಿಯಲ್ಲಿ ಸಿಕ್ಕಿವೆ. ಇಲ್ಲಿಗೂ ಸಮುದ್ರಕ್ಕೂ ಎಷ್ಟು ದೂರ ಎಂದು ಮಗಳು ಮೊಬೈಲಿನಲ್ಲಿ ಹುಡುಕಿದಳು. ಇಷ್ಟು ದೂರ ನಾಣ್ಯ ಹೊತ್ತುಕೊಂಡು ಬಂದವರು ಯಾರಿರಬಹುದು, ಯಾವ ಭಾಷೆಯಲ್ಲಿ ಚೌಕಾಶಿ ಮಾಡಿರಬಹುದು ಎಂಬ ಚರ್ಚೆ ಅವಳಿಗೂ ಅವಳ ದಾದಿಗೂ ನಡೆಯಿತು. ಅಂಕಲಿ ಮಠದ ನೆಲದಡಿಯ ಗವಿಗೆ ಟಾರ್ಚು ಹಿಡಿದು ಅವಳೂ ನಾವೂ ಇಳಿದೆವು. ಒಂದರೊಳಗೊಂದು ಕತ್ತಲೆ ಕೋಣೆಗಳು. ಅಮ್ಮಿ ಮೇಲೆಯೇ ಕುಳಿತು, 'ಬೇಗ ಬನ್ನಿ, ನನಗೆ ಒಳಗಿನ ಭಯಕ್ಕಿಂತ ಹೊರಗೆ ಕೋತಿ ಭಯ' ಎಂದು ಕೂಗುತ್ತಿದ್ದರು.

ಜೋಗಿಮಟ್ಟಿಗೆ ಹೋಗಲು ಹೊತ್ತು ಸಾಲಲಿಲ್ಲ. ಊರಿನ ದಕ್ಷಿಣಕ್ಕಿರುವ ಆ ಎತ್ತರದ ಗುಡ್ಡದಲ್ಲಿ ಬೇಸಿಗೆಯಲ್ಲೂ ತಣ್ಣನೆ ಗಾಳಿ ಬೀಸುತ್ತದೆ. ಸುತ್ತಲ ಕಾಡನ್ನು 2015ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದ್ದಾರೆ. ಮುಂಜಾನೆ ಮಂಜಿನಲ್ಲಿ ನೋಡಬೇಕಾದ ಜಾಗ. ಮುಂದಿನ ಸಲ ಅಲ್ಲಿಂದಲೇ ಶುರುಮಾಡೋಣ ಎಂದಳು ಮಗಳು. ಮುಂದಿನ ಸಲ ಎಂಬ ಮಾತು ಅವಳ ಬಾಯಿಂದಲೇ ಬಂದದ್ದು ನಮಗೆ ಸಾಕಿತ್ತು.

ಇದರಿಂದ ಎಲ್ಲ ಸರಿಹೋಯಿತು ಎಂದು ನಾವು ಹೇಳುವುದಿಲ್ಲ. ಶಾಲೆಯಲ್ಲಿ ನಾಳೆ ಇನ್ನೊಬ್ಬ ಹುಡುಗ ಇನ್ನೊಂದು ಮಾತು ಹೇಳಬಹುದು. ನಾವೆಲ್ಲ ಇರುವ ಗಾಳಿಯೇ ಹಾಗಿದೆ. ನಮ್ಮ ಬೇಡಿಕೆ ದೊಡ್ಡದೇನಲ್ಲ. ನಮ್ಮ ಮುಖ ನೋಡಿ ಕಥೆಯನ್ನು ಹರಿತ ಮಾಡಬೇಡಿ, ನಮ್ಮ ಮುಖ ನೋಡಿ ಮೊಂಡೂ ಮಾಡಬೇಡಿ. ಇದ್ದದ್ದನ್ನು ಇದ್ದ ಹಾಗೆ, ಎರಡೂ ಕಡೆಯದನ್ನು, ಪೂರ್ತಿಯಾಗಿ ಹೇಳಿ. ಕೇಳಿ ತಡೆದುಕೊಳ್ಳುವ ಶಕ್ತಿ ನಮ್ಮ ಮಕ್ಕಳಿಗಿದೆ. ಅದೇ ಮಾತು ನಮಗೂ ಸಲ್ಲುತ್ತದೆ. ನಮ್ಮ ಮನೆಗಳಲ್ಲಿ, ನಮ್ಮ ಉಸ್ತಾದರ ಪಾಠಗಳಲ್ಲಿ ಬಿಟ್ಟುಹೋದ ಪುಟಗಳನ್ನು ನಾವೇ ಓದಿ ಹೇಳಬೇಕು.

ಮಾರನೆಯ ಭಾನುವಾರ ಮಗಳು ಅಟ್ಟ ಹತ್ತಿ ಹಳೆಯ ಸಾಮಾನಿನ ನಡುವಿನಿಂದ ಅಮ್ಮಿಯ ಒನಕೆಯನ್ನು ಎಳೆದು ತೆಗೆದಳು. ಹಿಡಿಯುವ ಜಾಗ ಸವೆದು ನುಣ್ಣಗಾಗಿದೆ, ಕೆಳಗಿನ ಕಬ್ಬಿಣದ ಬಳೆ ತುಕ್ಕು ಹಿಡಿದಿದೆ. ಅಂಗಳದಲ್ಲಿ ನಿಂತು ಎತ್ತಿ ಎತ್ತಿ ಇಳಿಸಿದಳು. ಹದಿನಾಲ್ಕನೆಯ ಏಟಿಗೆ ಕೂತುಬಿಟ್ಟಳು. ಅಂಗೈ ಕೆಂಪಾಗಿತ್ತು. ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದ ಅಮ್ಮಿ ಕಣ್ಣೆತ್ತಿ ನೋಡಿ, 'ಇಷ್ಟಕ್ಕೇ ಸುಸ್ತಾದ್ರೆ ದುರ್ಗ ಕಾಯೋದು ಯಾರು?' ಎಂದರು.